ಲೈನಲ್ಲಿ ಯಾರೂ ಇಲ್ಲ

ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಬಿದ್ದ ಅಡ್ಡಹೆಸರು ‘ಹಾಕ್ಲಾ’. ಎಲೆಕ್ಟ್ರಿಕಲ್ ವಿಭಾಗದ ಮೆಷಿನ್ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಮೇಜಿನ ಸುತ್ತ ನಿಂತವರು ವೈರುಗಳನ್ನೆಲ್ಲ ಜೋಡಿಸಿ ಮುಗಿಸಿದ ಮೇಲೆ, ಮೈನ್ ಸ್ವಿಚ್ಚಿನ ಹತ್ತಿರ ಇದ್ದವರು ‘ಹಾಕ್ಲಾ?’ ಎಂದು ಗಟ್ಟಿಯಾಗಿ ಕೇಳಬೇಕು. ಉಳಿದವರು ಕೈ ಹಿಂದಕ್ಕೆ ತೆಗೆದುಕೊಂಡು ‘ಹಾಕು’ ಅನ್ನಬೇಕು. ಆಮೇಲೆ ಸ್ವಿಚ್ಚು. ಶುರುವಿನಲ್ಲಿ ಎಲ್ಲರೂ ದೇವರ ಮುಂದೆ ನಿಂತವರ ಹಾಗೆ ಭಯಭಕ್ತಿಯಿಂದ ಕೇಳಿದರು. ಸ್ವಲ್ಪ ದಿನ ಕಳೆದ ಮೇಲೆ ಕೇಳುವುದೂ ಹಾಕುವುದೂ ಒಟ್ಟಿಗೇ ಆಗತೊಡಗಿತು. ನಾನು ಮಾತ್ರ ಒಬ್ಬೊಬ್ಬರ ಮುಖ ನೋಡಿ, ಅವರವರ ಹೆಸರು ಹಿಡಿದು ಕೇಳುತ್ತಿದ್ದೆ. ಒಬ್ಬರು ಉತ್ತರ ಕೊಡದಿದ್ದರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ.

“ಇದು ಡಿ.ಸಿ. ಮೋಟಾರು ಮಾರಾಯ್ತಿ, ಮದುವೆ ಗಂಡಲ್ಲ. ಎಷ್ಟು ಸಲ ಒಪ್ಪಿಗೆ ಕೇಳ್ತೀಯ?” ಎಂದು ನಮ್ಮ ಬ್ಯಾಚಿನ ಹುಡುಗನೊಬ್ಬ ಅಂದ. ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಕ್ಯಾಂಟೀನಿನಲ್ಲಿ, ಲೈಬ್ರರಿಯಲ್ಲಿ, ಬಸ್ ಸ್ಟಾಪಿನಲ್ಲಿ ನಾನು ‘ಹಾಕ್ಲಾ’ ಆಗಿಬಿಟ್ಟೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೆ ಈ ಹೆಸರಿಗೆ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಕಾರಣ ಹೇಳಿದ್ದರೆ ಅವರೆಲ್ಲ ‘ಅಯ್ಯೋ ಪಾಪ’ ಅನ್ನುತ್ತಿದ್ದರು. ಅದಕ್ಕಿಂತ ಅಡ್ಡಹೆಸರೇ ವಾಸಿ ಅನ್ನಿಸಿತ್ತು.

ನನ್ನ ಅಪ್ಪ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ವಯರ್‌ಮ್ಯಾನ್ ಆಗಿದ್ದರು. ಜಾವಳಿ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕಾದ ತೋಟ ಅದು. ಬಂಗಲೆಯ ಗೀಸರಿನಿಂದ ಹಿಡಿದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೋಟಾರಿನವರೆಗೆ ಎಲ್ಲ ಅವರದೇ ಉಸ್ತುವಾರಿ. ಸರ್ಕಾರದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಅದಕ್ಕಾಗಿ ಎಸ್ಟೇಟಿನವರು ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದರು. ಅದನ್ನು ಎಲ್ಲರೂ ಇಂಜಿನ್ ಅನ್ನುತ್ತಿದ್ದರು. ಅದು ಇದ್ದ ಶೆಡ್ಡು ಇಂಜಿನ್ ಮನೆ. ಅದನ್ನು ನೋಡಿಕೊಳ್ಳುತ್ತಿದ್ದವರು ಇಂಜಿನ್ ಕಾಕ. ಕರಾವಳಿ ಕಡೆಯ ಬ್ಯಾರಿ ಮುಸ್ಲಿಮರು. ತೋಟದ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಅಪ್ಪನಿಗೂ ಅವರಿಗೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವಷ್ಟು ಸ್ನೇಹ.

ನಮ್ಮ ಕಡೆ ಎಸ್ಟೇಟಿನಲ್ಲಿ ಬೆಳೆದವರಿಗೆ ‘ಲೈನ್’ ಅಂದರೆ ಎರಡು ಅರ್ಥ. ಒಂದು, ಆಳುಗಳು ಇರುವ ಸಾಲುಮನೆ. ನಾವೂ ಲೈನಿನಲ್ಲೇ ಇದ್ದೆವು, ಕೊನೆಯ ಮನೆ. ಇನ್ನೊಂದು, ಕಂಬದಿಂದ ಕಂಬಕ್ಕೆ ಹೋಗುವ ಕರೆಂಟಿನ ತಂತಿ. ಎರಡಕ್ಕೂ ಬೇರೆ ಬೇರೆ ಮಾತು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಯಾರಾದರೂ ಬಂದು “ವಯರ್‌ಮ್ಯಾನ್ ಎಲ್ಲಿ?” ಎಂದು ಕೇಳಿದರೆ ನಾನು “ಅಪ್ಪ ಲೈನಲ್ಲಿದಾರೆ” ಅನ್ನುತ್ತಿದ್ದೆ. ಅವರು ಸೀದಾ ನಮ್ಮ ಮನೆಗೆ ಹೋಗಿ ಬಾಗಿಲು ಬಡಿಯುತ್ತಿದ್ದರು. ಅಪ್ಪ ಆ ಹೊತ್ತಿಗೆ ಯಾವುದೋ ಕಂಬದ ಮೇಲೆ ಇರುತ್ತಿದ್ದರು. “ಯಾವ ಲೈನು ಅಂತ ಸರಿಯಾಗಿ ಹೇಳೋದಲ್ವೇನೇ, ಮಲಗೋ ಲೈನಾ, ಹತ್ತೋ ಲೈನಾ?” ಎಂದು ಅಮ್ಮ ನನ್ನ ತಲೆಗೆ ಮೊಟಕುತ್ತಿದ್ದಳು. ಇದು ನಮ್ಮ ಲೈನಿನಲ್ಲಿ ನಕ್ಕು ನಕ್ಕು ಹಳತಾದ ತಮಾಷೆ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ಹಣ್ಣು ಕೊಯ್ಯುವ ಸುಗ್ಗಿಯಲ್ಲಿ, ಅಪ್ಪ ಕಂಬದ ಮೇಲೆ ಸತ್ತರು.

ಸಿಲ್ವರ್ ಓಕಿನ ಕೊಂಬೆ ಬಿದ್ದು ಪಲ್ಪರ್ ಮನೆಗೆ ಹೋಗುವ ತಂತಿ ತುಂಡಾಗಿತ್ತು. ಸರ್ಕಾರದ ಕರೆಂಟೂ ಇರಲಿಲ್ಲ. ಇಂಜಿನ್ ನಿಲ್ಲಿಸಿ ತಂತಿ ಸರಿ ಮಾಡಿ ಮತ್ತೆ ಇಂಜಿನ್ ಹಾಕಬೇಕು. ಅಪ್ಪ ನಮ್ಮ ಮನೆಯ ಹಿಂದಿನ ಕಂಬ ಹತ್ತಿದ್ದರು. ಅವರು ಇನ್ನೂ ಮೇಲಿರುವಾಗಲೇ ಕಾಕ ಇಂಜಿನ್ ಹಾಕಿದರು. ಇಷ್ಟೇ ನಡೆದದ್ದು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅಂಗಳದ ತುಂಬ ಜನ.

ಉಳಿದದ್ದೆಲ್ಲ ನನಗೆ ಗೊತ್ತಿದ್ದದ್ದು ಅಮ್ಮನ ಬಾಯಿಂದ. ಅವಳು ಅದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎನ್ನುವುದೂ ನನಗೆ ಬಾಯಿಪಾಠ ಆಗಿತ್ತು. ಕಾಲಿಗೆ ಕತ್ತಿ ತಾಗಿದ್ದರಿಂದ ಅವತ್ತು ಅವಳು ಕೆಲಸಕ್ಕೆ ಹೋಗಿರಲಿಲ್ಲ. ಮನೆಯ ಮುಂದೆ ಕೂತು ಅಕ್ಕಿ ಕೇರುತ್ತಿದ್ದಳು. ಅಪ್ಪ ತಂತಿ ತರಲು ಗೋಡೌನಿಗೆ ಹೋಗಿದ್ದು ಅವಳಿಗೆ ಗೊತ್ತು. ಹಿಂದಿನ ಕಾಲುದಾರಿಯಲ್ಲಿ ಬಂದು ಕಂಬ ಹತ್ತಿದ್ದು ಗೊತ್ತಿಲ್ಲ.

“ಕಾಕ ಕೆಳಗಿಂದ ಕೂಗಿ ಆಳು ಇದಾರಾ ಅಂತ ಕೇಳ್ದ. ಯಾರೂ ಇಲ್ಲ ಅಂದೆ. ಎಲ್ಲ ಹಣ್ಣು ಕುಯ್ಯೋಕೆ ಹೋಗಿದ್ರಲ್ಲ. ಆಮೇಲೆ ಇಂಜಿನ್ ಶಬ್ದ ಬಂತು. ನಾನು ಅಕ್ಕಿ ಕೇರ್ತಾನೇ ಇದ್ದೆ ಮಗಾ. ಹಿಂದೆ ಏನೋ ಧೊಪ್ ಅಂತು” ಎಂದು ಹೇಳಿ ಅವಳು ನಿಲ್ಲಿಸುತ್ತಿದ್ದಳು. ಆಮೇಲೆ ಪ್ರತಿ ಸಲವೂ ಒಂದೇ ಮಾತು: “ಒಂದು ಮಾತು ಕೇಳ್ಬೋದಿತ್ತು ಅವ್ನು.”

ಕಾಕ ಓಡಿ ಬಂದಾಗ ಅಮ್ಮ ಅಂಗಳದ ಮಣ್ಣು ಹಿಡಿಯಲ್ಲಿ ತೆಗೆದು ಅವರ ಮುಖಕ್ಕೆ ತೂರಿದಳಂತೆ. ನಿನ್ನ ಮನೆ ಹಾಳಾಗ ಎಂದಳಂತೆ. ಅವರು ಒರೆಸಿಕೊಳ್ಳಲೂ ಇಲ್ಲ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುತ್ತಿದ್ದ ರೈಟರು ಕೇಳಿದಾಗ, ಆಮೇಲೆ ಪೊಲೀಸಿನವರು ಕೇಳಿದಾಗ, “ನಾನೇ ಹಾಕಿದ್ದು” ಎಂದು ಮಾತ್ರ ಹೇಳಿದರು. ಆಕಸ್ಮಿಕ ಎಂದು ಅವರನ್ನು ಬಿಟ್ಟರು. ಎಸ್ಟೇಟಿನವರು ಕೆಲಸದಿಂದ ಬಿಡಿಸಿದರು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು ಎಂದು ಸುದ್ದಿ ಬಂತು. ಪೇಟೆಗೆ ಹೋದರೆ ಅಮ್ಮ ಆ ಅಂಗಡಿ ಇರುವ ಬದಿ ಬಿಟ್ಟು ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

ಆದರೂ ಅವಳಿಗೆ ಒಂದು ಅನುಮಾನ ಉಳಿದಿತ್ತು. ಕಾಕ ಅಂಥ ಆಳಲ್ಲ ಎಂದು ಅವಳಿಗೆ ಗೊತ್ತಿತ್ತು. ಕೋಳಿಮರಿ ದಾಟಲಿ ಎಂದು ಸೈಕಲ್ ನಿಲ್ಲಿಸುವ ಮನುಷ್ಯ. ಅಂಥವನು ಕೇಳದೆ ಹಾಕಿದನೋ, ಇಲ್ಲಾ ಕರೆಂಟೇ ತಾನಾಗಿ ಬೇರೆ ಕಡೆಯಿಂದ ನುಗ್ಗಿತೋ? “ಇದೊಂದು ನಂಗೆ ಗೊತ್ತಾಗ್ಬೇಕು. ಬೇರೆ ಎಂತದೂ ಬೇಡ” ಅನ್ನುತ್ತಿದ್ದಳು. ಗಂಡ ಹೋದ ದುಃಖವನ್ನು ಹೇಗೋ ನುಂಗಿಕೊಂಡಳು. ಈ ಪ್ರಶ್ನೆ ಮಾತ್ರ ಗಂಟಲಲ್ಲೇ ನಿಂತಿತ್ತು.

ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕೌನ್ಸೆಲಿಂಗಿಗೆ ಅಮ್ಮನೂ ಬೆಂಗಳೂರಿಗೆ ಬಂದಳು. ದೊಡ್ಡ ಹಾಲು, ಪರದೆಯ ಮೇಲೆ ಕಾಲೇಜುಗಳು, ಎಲ್ಲರೂ ಕಂಪ್ಯೂಟರ್ ಕಂಪ್ಯೂಟರ್ ಎಂದು ಮುಗಿಬೀಳುತ್ತಿದ್ದ ಕಾಲ. ನನ್ನ ಸರದಿ ಬರುವ ಮೊದಲು ಅಮ್ಮ ಕಿವಿಯ ಹತ್ತಿರ ಬಾಗಿ, “ಕರೆಂಟಿನ ಓದು ಇದರಲ್ಲಿ ಯಾವ್ದು?” ಎಂದಳು. ತೋರಿಸಿದೆ. “ಅದನ್ನ ಓದು ಮಗಾ. ಓದಿ ನಂಗೆ ಹೇಳು” ಎಂದಳು. ಚಿಕ್ಕಮಗಳೂರಿನಲ್ಲೇ ಎಲೆಕ್ಟ್ರಿಕಲ್ ಇತ್ತು. ತೆಗೆದುಕೊಂಡೆ. ಹಿಂದೆ ಕೂತವರು ಯಾರೋ ಅಯ್ಯೋ ಎಂದು ಲೊಚಗುಟ್ಟಿದ್ದು ಕೇಳಿಸಿತು.

ಅಮ್ಮ ಎಸ್ಟೇಟಿನ ಲೈನು ಬಿಟ್ಟು ನನ್ನ ಜೊತೆ ಬಂದಳು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರ ಸಾಲಿನಲ್ಲಿ ಅವಳಿಗೊಂದು ಜಾಗ ಸಿಕ್ಕಿತು. ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟವ್, ಎರಡು ಚಾಪೆ. ಸಂಜೆ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವುತ್ತ, ಮುಖದ ಮೇಲೆ ಕಾಫಿಯ ಹೊಟ್ಟಿನ ಧೂಳು ಇರುವಾಗಲೇ ಕೇಳುತ್ತಿದ್ದಳು: “ಇವತ್ತು ಎಂತ ಹೇಳ್ಕೊಟ್ರು?”

ನಾನು ಹೇಳುತ್ತಿದ್ದೆ. ಮೋಟಾರು ಯಾಕೆ ತಿರುಗುತ್ತದೆ ಎಂದು ಎಡಗೈಯ ಮೂರು ಬೆರಳು ಬಿಡಿಸಿ ತೋರಿಸಿದ ದಿನ ಅವಳೂ ಬೆರಳು ಬಿಡಿಸಿದಳು. ತೋರುಬೆರಳು ಅಯಸ್ಕಾಂತ, ನಡುಬೆರಳು ಕರೆಂಟು, ಹೆಬ್ಬೆರಳು ತಿರುಗುವ ದಿಕ್ಕು. ಹಣ್ಣು ಕೊಯ್ದು ಕೊಯ್ದು ಗಂಟುಕಟ್ಟಿದ ಬೆರಳುಗಳು ನೆಟ್ಟಗೆ ನಿಲ್ಲಲಿಲ್ಲ. ನನ್ನ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಅದೇ ಮೂರು ಬೆರಳು ತೋರಿಸಿ ಕಳಿಸಿಕೊಟ್ಟಳು. ಪರೀಕ್ಷೆಯ ಹಾಲಿನಲ್ಲಿ ತರಗತಿಗೆ ತರಗತಿಯೇ ಎಡಗೈ ತಿರುಚಿಕೊಂಡು ಕೂತಿದ್ದನ್ನು ಕಂಡು ನನಗೆ ಅಮ್ಮನೇ ಎಲ್ಲ ಬೆಂಚಿನಲ್ಲೂ ಕೂತಿದ್ದಾಳೆ ಅನ್ನಿಸಿ ನಗು ಬಂತು.

ಹೇಳಿದ್ದನ್ನೆಲ್ಲ ಕೇಳಿ ಮುಗಿದ ಮೇಲೆ ಕೊನೆಯಲ್ಲಿ ಅವಳ ಪ್ರಶ್ನೆ ಬರುತ್ತಿತ್ತು. “ಅದು ಬಂತಾ?”

ಅಪ್ಪ ಹೇಗೆ ಸತ್ತರು ಎನ್ನುವುದು ಯಾವುದೋ ಪುಸ್ತಕದ ಯಾವುದೋ ಪಾಠದಲ್ಲಿ ಇದೆ, ಮೇಷ್ಟರು ಒಂದಲ್ಲ ಒಂದು ದಿನ ಆ ಪಾಠಕ್ಕೆ ಬರುತ್ತಾರೆ ಎಂದು ಅವಳು ನಂಬಿದ್ದಳು. “ಇನ್ನೂ ಇಲ್ಲಮ್ಮ” ಅನ್ನುತ್ತಿದ್ದೆ. ಅವಳು ತಲೆಯಾಡಿಸಿ ಸ್ಟವ್ ಹಚ್ಚಲು ಏಳುತ್ತಿದ್ದಳು. ಮೊದಮೊದಲು ಕನಿಕರ ಆಗುತ್ತಿತ್ತು. ಆಮೇಲೆ ಕಿರಿಕಿರಿ. ಟ್ರಾನ್ಸ್‌ಫಾರ್ಮರಿನ ಲೆಕ್ಕ ತಲೆಗೆ ಹತ್ತದೆ ಒದ್ದಾಡುತ್ತಿದ್ದಾಗ ಒಮ್ಮೆ “ಅದೆಲ್ಲ ಸಿಲಬಸ್ಸಲ್ಲಿ ಇರಲ್ಲಮ್ಮ” ಎಂದು ಸಿಡುಕಿದೆ. “ಇರುತ್ತೆ. ಕರೆಂಟಿನ ಓದಲ್ವಾ” ಎಂದಳು, ಏನೂ ಆಗದವಳ ಹಾಗೆ.

ನಿಜ ಹೇಳಬೇಕೆಂದರೆ ನಾನು ಕರೆಂಟಿಗೆ ಹೆದರುತ್ತಲೇ ಕರೆಂಟು ಓದಿದವಳು. ಪುಸ್ತಕದಲ್ಲಿ ಅದು ಎಷ್ಟು ಚೆಂದ. ಬಾಣದ ಗುರುತು ಹಾಕಿದರೆ ಆ ಕಡೆ ಹೋಗುತ್ತದೆ, ಸೂತ್ರಕ್ಕೆ ಬಗ್ಗುತ್ತದೆ. ಲ್ಯಾಬಿನಲ್ಲಿ ಹಾಗಲ್ಲ. ಮೋಟಾರು ಗುಂಯ್ ಎಂದು ಎದ್ದಾಗಲೆಲ್ಲ ನನಗೆ ಅಕ್ಕಿ ಕೇರುವ ಶಬ್ದ ನೆನಪಾಗುತ್ತಿತ್ತು. ನಾನು ಅದನ್ನು ಕೇಳಿದವಳೇ ಅಲ್ಲ, ಅವತ್ತು ಶಾಲೆಯಲ್ಲಿದ್ದವಳು. ಆದರೂ ನೆನಪಾಗುತ್ತಿತ್ತು.

ಕೊನೆಯ ವರ್ಷ ಸ್ವಿಚ್‌ಗೇರ್ ಪಾಠ ಮಾಡಲು ಬಯಲುಸೀಮೆ ಕಡೆಯ ಹಿರಿಯ ಮೇಷ್ಟರು ಬರುತ್ತಿದ್ದರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಒಂದು ಮಧ್ಯಾಹ್ನ, ಊಟ ಮಾಡಿ ಬಂದ ತರಗತಿ ಅರ್ಧ ನಿದ್ದೆಯಲ್ಲಿದ್ದಾಗ, ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

“ಇದು ಪರೀಕ್ಷೆಗೆ ಬರಲ್ಲ. ಆದ್ರೂ ಕೇಳ್ರಿ. ನೀವು ನಾಳೆ ಕೆಲಸಕ್ಕೆ ಹೋದಾಗ ಲೈನ್ ಕ್ಲಿಯರ್ ಅಂತ ಒಂದು ಮಾತು ಬರ್ತದೆ. ಕಂಬ ಹತ್ತಿದವನು ಇಳಿದಿದಾನೆ, ಇನ್ನು ಕರೆಂಟ್ ಕೊಡಬಹುದು ಅನ್ನೋ ಮಾತು. ಹತ್ತಿದವನೇ ಬಂದು ನಿಮ್ಮೆದುರಿಗೆ ನಿಂತು ಹೇಳ್ಬೇಕು. ದೂರದಿಂದ ಯಾರೋ ‘ಲೈನಲ್ಲಿ ಯಾರೂ ಇಲ್ಲ’ ಅಂತ ಕೂಗಿದ್ರು, ನಾನು ಹಾಕ್ದೆ ಅಂದ್ರೆ, ಒಂದು ಹೆಣ ಬಿತ್ತು ಅಂತಲೇ ಲೆಕ್ಕ.”

ಲೈನಲ್ಲಿ ಯಾರೂ ಇಲ್ಲ.

ಆ ಮಾತು ಮೇಷ್ಟರ ಬಾಯಿಂದ ಬಂತು, ನನ್ನ ಕಿವಿಗೆ ಅಮ್ಮನ ದನಿಯಲ್ಲಿ ಕೇಳಿಸಿತು. ಕಾಕ ಕೆಳಗಿಂದ ಕೂಗಿ ಕೇಳ್ದ. ಯಾರೂ ಇಲ್ಲ ಅಂದೆ. ಆಮೇಲೆ ಇಂಜಿನ್ ಶಬ್ದ ಬಂತು. ಅಷ್ಟು ವರ್ಷ ನಾನು ಅದನ್ನು ಕೇಳಿದ್ದೆ, ಆ ಎರಡು ವಾಕ್ಯಗಳ ನಡುವೆ ಏನಿದೆ ಎಂದು ನೋಡಿರಲಿಲ್ಲ. ಹಣ್ಣು ರಾಶಿ ಬಿದ್ದ ದಿನ ಕಾಕನಿಗೆ ಆಳು ಯಾಕೆ ಬೇಕಿತ್ತು? ಇಂಜಿನ್ ಮನೆಯಲ್ಲಿ ಅವರಿಗೆ ಆಳಿನ ಕೆಲಸವೇ ಇರಲಿಲ್ಲ. ಅವರು ಕೇಳಿದ್ದು ತಂತಿಯ ಲೈನು. ಅಮ್ಮ ಉತ್ತರ ಕೊಟ್ಟಿದ್ದು ಮನೆಗಳ ಲೈನಿಗೆ.

ಪಕ್ಕದವಳು ಹುಷಾರಿಲ್ವಾ ಎಂದು ಕೇಳಿದಳು. ನಾನು ಚೀಲ ತೆಗೆದುಕೊಂಡು ಎದ್ದು ಹೊರಗೆ ಬಂದೆ. ಮೇಷ್ಟರು ಕನ್ನಡದಲ್ಲಿ ಏನೋ ಅಂದರು. ಬಸ್ ಸ್ಟ್ಯಾಂಡಿಗೆ ನಡೆದು ಮೂಡಿಗೆರೆ ಬಸ್ಸು ಹತ್ತಿದೆ. ಆಲ್ದೂರು ದಾಟಿ ಮೂಡಿಗೆರೆ ಹ್ಯಾಂಡ್‌ಪೋಸ್ಟ್ ಬರುವವರೆಗೂ ನಾನು ಒಂದೇ ಪ್ರಾರ್ಥನೆ ಮಾಡುತ್ತಿದ್ದೆ: ಇದು ತಪ್ಪಾಗಿರಲಿ, ಕಾಕ ನಿಜವಾಗಿಯೂ ಆಳನ್ನೇ ಕೇಳಿರಲಿ, ಕೇಳದೆ ಹಾಕಿದ ಪಾಪ ಅವರದೇ ಆಗಿರಲಿ. ಒಬ್ಬ ಮನುಷ್ಯನ ಮೇಲೆ ತಪ್ಪು ಇರಲಿ ಎಂದು ಬೇಡಿಕೊಳ್ಳುವುದು ಎಂಥ ಪ್ರಾರ್ಥನೆಯೋ ನನಗೆ ಗೊತ್ತಿಲ್ಲ.

ಅಂಗಡಿಯ ಮುಂದೆ ಹಳೆಯ ಪಂಪ್‌ಸೆಟ್ ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ವಾರ್ನಿಷ್ಷಿನ ವಾಸನೆ. ಕಾಕ ಕೆಳಗೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದರು.

“ವಯರ್‌ಮ್ಯಾನ್ ಮಗಳಲ್ವಾ?” ಎಂದರು. “ಅವ್ನದೇ ಹಣೆ.”

ಸ್ಟೂಲು ಎಳೆದು ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಕೇಳಿದೆ. “ಕಾಕ, ಅವತ್ತು ನೀವು ಅಮ್ಮನ್ನ ಎಂತ ಕೇಳಿದ್ರಿ?”

ಅವರು ತಂತಿಯ ತುದಿಯನ್ನು ಮೊಳೆಗೆ ಸುತ್ತಿ ಭದ್ರ ಮಾಡಿದರು. “ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ. ಕರೆಂಟೇ ಓದ್ತಿದೀನಿ. ಪಾಠದಲ್ಲಿ ಬಂತು.”

“ರೈಟರು ಮೇಲಿಂದ ಮೇಲೆ ಆಳು ಕಳಿಸ್ತಿದ್ರು, ಹಣ್ಣು ಕೊಳೆಯುತ್ತೆ, ಇಂಜಿನ್ ಹಾಕು ಅಂತ” ಎಂದರು ಕಾಕ. “ನಿಮ್ಮಪ್ಪ ಬಂದಿರ್ಲಿಲ್ಲ. ಇಂಜಿನ್ ಮನೆಯಿಂದ ಆ ಕಂಬ ಕಾಣಲ್ಲ. ನಿಮ್ಮನೆ ಹಿಂದೆ ಹೋದ್ರೆ ಕಾಣುತ್ತೆ. ಅದಕ್ಕೇ ಕೂಗ್ದೆ. ಅಕ್ಕಾ, ಲೈನಲ್ಲಿ ಯಾರಾದ್ರೂ ಇದಾರಾ ಅಂತ. ಲೈನಲ್ಲಿ ಯಾರೂ ಇಲ್ಲ ಅಂದ್ರು. ನೋಡಿ ಹೇಳಿದ್ರು ಅಂದ್ಕೊಂಡೆ.”

ನಾನು ಆಗ ಕೂತೆ.

“ನಾವೆಲ್ಲ ನಗ್ತಿದ್ದ ಮಾತೇ ಅಲ್ವಾ ಅದು” ಎಂದರು. “ಮಲಗೋ ಲೈನು, ಹತ್ತೋ ಲೈನು. ಆ ಹೊತ್ತಿಗೆ ನೆನಪಾಗ್ಲಿಲ್ಲ ನೋಡು.”

“ಯಾಕೆ ಹೇಳ್ಲಿಲ್ಲ ಕಾಕ ನೀವು? ಪೊಲೀಸ್ರಿಗೆ, ರೈಟರಿಗೆ, ಯಾರಿಗಾದ್ರೂ?”

“ಹೇಳೋಕೆ ಅಂತಲೇ ಓಡಿ ಬಂದೆ. ಅಷ್ಟೊತ್ತಿಗೆ ಅಕ್ಕ ಅವ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. ನೀವೇ ಅಲ್ವಾ ಹೇಳಿದ್ದು ಅಂತ ಹೆಂಗೆ ಅನ್ನೋದು? ಬಾಯಿ ಬರ್ಲಿಲ್ಲ.” ಅವರು ಮತ್ತೆ ತಂತಿ ಕೈಗೆ ತೆಗೆದುಕೊಂಡರು. “ಹಾಕಿದ್ದು ನಾನೇ ತಾನೆ. ಹೋಗಿ ನೋಡ್ಬೇಕಿತ್ತು. ಅದನ್ನ ನಾನು ಹೊತ್ಕೊಂಡಿದೀನಿ, ಅಭ್ಯಾಸ ಆಗಿದೆ. ಅಕ್ಕನಿಗೆ ಹೇಳ್ಬೇಡ. ಅವರ ತಲೆ ಮೇಲೂ ಯಾಕೆ.”

ಅವರು ಟೀ ತರಿಸಿದರು. ನಾನು ಲೋಟವನ್ನು ಹಾಗೇ ಕೆಳಗಿಟ್ಟೆ. ಏಳುವಾಗ ಕಾಲು ಮುಟ್ಟಲು ಬಗ್ಗಿದೆ. ಕಾಕ ಗಾಬರಿಯಾಗಿ ಹಿಂದೆ ಸರಿದರು, ಅಂಗಡಿಯವರು ನೋಡುತ್ತಾರೆ ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹುಡುಕಿದೆ. ಕಾಕನ ಮೇಲೆ ಆಗಲಿಲ್ಲ. ಅಮ್ಮನ ಮೇಲೆ ಆಗಲಿಲ್ಲ. ಅವಸರ ಮಾಡಿದ ರೈಟರು ಆಗಲೇ ತೀರಿಕೊಂಡಿದ್ದರು. ಕೊನೆಗೆ ಆ ಮಾತಿನ ಮೇಲೆ ಸಿಟ್ಟು ಮಾಡಿಕೊಂಡೆ. ಮನುಷ್ಯರು ಮಲಗುವ ಜಾಗಕ್ಕೂ ಕರೆಂಟು ಹರಿಯುವ ತಂತಿಗೂ ಒಂದೇ ಹೆಸರು ಸಾಕು ಎಂದುಕೊಂಡ ಪುಣ್ಯಾತ್ಮ ಯಾರೋ. ಮಾತಿನ ಮೇಲೆ ಸಿಟ್ಟು ಮಾಡಿಕೊಂಡರೆ ಅದಕ್ಕೇನು. ಕಿಟಕಿಗೆ ಮುಖ ಒತ್ತಿಕೊಂಡು ಅತ್ತೆ.

ಅವತ್ತು ಸಂಜೆ ಅಮ್ಮ ತಲೆಬಟ್ಟೆ ಬಿಚ್ಚುತ್ತ, “ಇವತ್ತು ಎಂತ ಹೇಳ್ಕೊಟ್ರು?” ಎಂದು ಕೇಳಿದಳು. ತಲೆನೋವು, ಕ್ಲಾಸಿಗೆ ಹೋಗಲಿಲ್ಲ ಎಂದೆ. ಅವಳು ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ ಕೊಟ್ಟಳು. ನಾನು ಕುಡಿಯುವುದನ್ನೇ ನೋಡುತ್ತ ಕೂತಳು. “ಅದು ಬಂತಾ” ಎಂದು ಕೇಳಲಿಲ್ಲ. ಅದೊಂದು ದಿನ ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ.

ಆಮೇಲೆ ದಿನವೂ ಕೇಳಿದಳು. ದಿನವೂ ‘ಇನ್ನೂ ಇಲ್ಲ’ ಎಂದೆ. ಹೇಳದಿದ್ದರೆ ಕಾಕ ಅವಳ ಮನಸ್ಸಿನಲ್ಲಿ ಸಾಯುವವರೆಗೂ ಕೊಲೆಗಾರರೇ. ಹೇಳಿದರೆ ಅವಳು ತನ್ನನ್ನೇ ಆ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ನನಗೆ ಗೊತ್ತಿದ್ದ ಅಮ್ಮ ಅದನ್ನು ತಡೆದುಕೊಳ್ಳುವವಳಲ್ಲ. ಈ ಲೆಕ್ಕಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ. ಲ್ಯಾಬಿನಲ್ಲಿ ‘ಹಾಕ್ಲಾ?’ ಎಂದು ಕೇಳುವಾಗ ಒಂದೊಂದು ಹೆಸರನ್ನೂ ಎರಡೆರಡು ಸಲ ಕರೆಯತೊಡಗಿದೆ. ಗೆಳೆಯರು ನಗುವುದನ್ನು ನಿಲ್ಲಿಸಿದರು.

ಕೊನೆಯ ಪರೀಕ್ಷೆ ಮುಗಿಸಿ ಬಂದ ದಿನ ಅಮ್ಮ ಪಾಯಸ ಮಾಡಿದ್ದಳು. ತಟ್ಟೆ ಮುಂದಿಟ್ಟು ತಾನೂ ಎದುರಿಗೆ ಕೂತಳು.

“ಎಲ್ಲಾ ಮುಗೀತಾ ಮಗಾ?”

“ಮುಗೀತಮ್ಮ.”

“ಹಂಗಾದ್ರೆ ಅದು ಬರ್ಲೇ ಇಲ್ವಾ?”

ಅವಳ ಮುಖ ನೋಡಿದೆ. ಅಷ್ಟು ವರ್ಷ ಧೂಳಿನಲ್ಲಿ ಕೂತು ಬೀಜ ಆರಿಸಿದ್ದು ಈ ಒಂದು ಉತ್ತರಕ್ಕೆ. ಬರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.

“ಬಂತಮ್ಮ” ಎಂದೆ. “ಕೊನೇ ಪಾಠದಲ್ಲಿ ಬಂತು.”

ಸುಣ್ಣದ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದೆ. ಇದು ಇಂಜಿನ್ ಮನೆ. ಇದು ನಮ್ಮ ಮನೆ. ಇದು ಕಂಬ. ಒಂದರ ಪಕ್ಕ ಒಂದು ಎರಡು ಗೆರೆ ಎಳೆದು ಎರಡು ತಂತಿ ಎಂದೆ. ಕಾಕ ಇಂಜಿನ್ ಹಾಕಿದ್ದು ನಿಜ, ಆದರೆ ಅಪ್ಪ ಇದ್ದ ತಂತಿಯ ಸ್ವಿಚ್ಚು ಹಾಕಿರಲಿಲ್ಲ. ಪಕ್ಕದ ತಂತಿಯಲ್ಲಿ ಕರೆಂಟು ಹರಿದರೆ ಸುಮ್ಮನಿದ್ದ ತಂತಿಯಲ್ಲೂ ತಾನಾಗಿ ಕರೆಂಟು ಹುಟ್ಟುತ್ತದೆ, ಅದಕ್ಕೆ ಇಂಡಕ್ಷನ್ ಅನ್ನುತ್ತಾರೆ, ಯಾರೂ ತಡೆಯಲು ಆಗುವುದಿಲ್ಲ ಎಂದೆ. ಇಂಡಕ್ಷನ್ ಎನ್ನುವುದು ಇದ್ದದ್ದೇ. ಆದರೆ ಎಸ್ಟೇಟಿನ ಆ ಸಣ್ಣ ತಂತಿಗಳಲ್ಲಿ ಅದರಿಂದ ಮನುಷ್ಯ ಸಾಯುವುದಿರಲಿ, ಕೈ ಜುಮ್ಮೆನ್ನುವುದೂ ಇಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದರು. ಮೂರು ಬೆರಳು ಬಿಡಿಸಿ ತೋರಿಸಿದೆ. ಅವಳೂ ಬಿಡಿಸಿದಳು.

“ಹಂಗಾದ್ರೆ ಅವ್ನು ಹಾಕಿದ್ದಲ್ಲ?”

“ಅಲ್ಲ.”

“ಯಾರೂ ಹಾಕಿದ್ದಲ್ಲ?”

“ಯಾರೂ ಅಲ್ಲಮ್ಮ.”

ಅವಳು ಆ ಗೆರೆಗಳ ಮೇಲೆ ಬೆರಳು ಆಡಿಸಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಾನು ಅವ್ನ ಮುಖಕ್ಕೆ ಮಣ್ಣು ತೂರಿದ್ದೆ” ಎಂದಳು. “ಕರ್ಕೊಂಡ್ ಹೋಗು ನನ್ನ.”

ಮೂಡಿಗೆರೆಗೆ ಹೋದೆವು. ಅಮ್ಮ ಡಬ್ಬಿಯಲ್ಲಿ ಕಡುಬು ತಂದಿದ್ದಳು. ಅಷ್ಟು ವರ್ಷ ಆಚೆ ಬದಿಯಲ್ಲಿ ನಡೆದವಳು ರಸ್ತೆ ದಾಟಿ ಅಂಗಡಿಯ ಮುಂದೆ ನಿಂತಳು. ಕಾಕ ಧಡಕ್ಕನೆ ಎದ್ದರು. ಅವರ ಕಣ್ಣು ಮೊದಲು ಹೋದದ್ದು ನನ್ನ ಕಡೆಗೆ. ನಾನು ಇಲ್ಲ ಎಂದು ತಲೆಯಾಡಿಸಿದೆ.

“ಕಾಕ, ಮಗಳು ಓದಿ ಹೇಳಿದ್ಲು” ಎಂದಳು ಅಮ್ಮ. “ನಿಮ್ಮ ತಪ್ಪಲ್ವಂತೆ. ಪಕ್ಕದ ತಂತಿಯಿಂದ ತಾನಾಗಿ ಬಂದಿದ್ದಂತೆ. ನಂಗೆ ಗೊತ್ತಿರ್ಲಿಲ್ಲ. ನಿಮ್ಮನ್ನ ಬಾಯಿಗೆ ಬಂದ ಹಂಗೆ ಬೈದೆ. ಮನಸ್ಸಲ್ಲಿ ಇಟ್ಕೊಬೇಡಿ.”

“ಇಲ್ಲಕ್ಕ. ಎಂತ ಮಾತು” ಎಂದರು ಕಾಕ. ವಾರ್ನಿಷ್ ಹತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. ಡಬ್ಬಿ ತೆಗೆದುಕೊಂಡರು. ಅಮ್ಮನಿಗೆ ಸ್ಟೂಲು ಕೊಟ್ಟರು. ಮಕ್ಕಳು ಮನೆ ಎಂದು ಒಂದಿಷ್ಟು ಮಾತಾಯಿತು. ನನಗೆ ಉಸಿರು ಬಂದ ಹಾಗಾಯಿತು. ನಾನು ಓದಿದ್ದು ಸಾರ್ಥಕ ಆಯಿತು ಎಂದೇ ಆ ಹೊತ್ತಿಗೆ ಅನ್ನಿಸಿತು.

ಹೊರಡಲು ಎದ್ದ ಅಮ್ಮ ಮೆಟ್ಟಿಲ ಹತ್ತಿರ ನಿಂತಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಹಳೆಯ ಮಾತು ಅಭ್ಯಾಸಕ್ಕೆ ಬಾಯಿಗೆ ಬಂತು ಅಷ್ಟೇ.

“ಆದ್ರೂ ಕಾಕ, ಇಂಜಿನ್ ಹಾಕೋ ಮುಂಚೆ ನನ್ನ ಒಂದು ಮಾತು ಕೇಳ್ಬೋದಿತ್ತು ನೀವು. ಆಳು ಇದಾರಾ ಅಂತ ಕೂಗಿದ್ರಲ್ಲ, ಆಗ್ಲೇ ಇದನ್ನೂ ಕೇಳಿದ್ರೆ ನಾನು ಹಿಂದೆ ಹೋಗಿ ಕಂಬ ನೋಡಿ ಹೇಳ್ತಿದ್ದೆ. ಮನೇಲೇ ಇದ್ನಲ್ಲ ನಾನು.”

ಕಾಕ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಹೌದಕ್ಕ” ಎಂದರು. “ಕೇಳ್ಬೋದಿತ್ತು.”

ನನ್ನ ಕಡೆ ನೋಡಲಿಲ್ಲ.